ಮನೆಯ ಹಾಡು ಎಲ್ಲಿ ಉಳಿಯುತ್ತದೆ?

ಮೊದಲು ಒಂದು ಸಣ್ಣ ಪರೀಕ್ಷೆ. ಇದಕ್ಕೆ ಕಾಗದ ಬೇಡ, ಪೆನ್ನೂ ಬೇಡ. ಎರಡು ವರ್ಷಗಳ ಹಿಂದೆ ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಯಾವುದಾದರೂ ಒಂದು ವ್ಯಾಖ್ಯೆಯನ್ನು ನೆನಪಿಸಿಕೊಳ್ಳಿ. ತಡವರಿಸುತ್ತೀರಿ, ಅಲ್ಲವೇ? ಈಗ ನೀವು ಒಂದನೆಯ ತರಗತಿಗೆ ಹೋಗುವ ಮೊದಲೇ ಮನೆಯಲ್ಲಿ ಕೇಳಿದ್ದ ಒಂದು ಹಾಡನ್ನು ನೆನಪಿಸಿಕೊಳ್ಳಿ. ಮೊದಲ ಸಾಲು ಬಂತೆಂದರೆ ಉಳಿದ ಸಾಲುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಅದನ್ನು ಕಲಿಯಬೇಕೆಂದು ನಿಮಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಅಂಕಗಳೂ ಇರಲಿಲ್ಲ.

ಇನ್ನೊಂದು ಸಂಗತಿಯನ್ನೂ ನೀವು ಗಮನಿಸಿರಬಹುದು. ಬೆಳಿಗ್ಗೆ ಕನ್ನಡಕವನ್ನು ಎಲ್ಲಿಟ್ಟೆ ಎಂದು ಮನೆಯೆಲ್ಲಾ ಹುಡುಕುವ ಅಜ್ಜಿ, ಗೌರಿ ಹಬ್ಬದ ದಿನ ಇಪ್ಪತ್ತು ನುಡಿಗಳ ಹಾಡನ್ನು ಒಂದಕ್ಷರವೂ ತಪ್ಪದೆ ಹಾಡಿ ಮುಗಿಸುತ್ತಾರೆ. ನಿನ್ನೆಯ ಮಾತು ಮರೆತುಹೋಗುತ್ತದೆ, ಅರವತ್ತು ವರ್ಷಗಳ ಹಿಂದಿನ ಹಾಡು ಉಳಿಯುತ್ತದೆ! ಏನಿದರ ಗುಟ್ಟು? ಹೀಗೆ ಉಳಿದ ಹಾಡು ಅಜ್ಜಿಯ ನಂತರ ಎಲ್ಲಿಗೆ ಹೋಗುತ್ತದೆ? ಈ ಎರಡು ಪ್ರಶ್ನೆಗಳಿಗೂ ಒಂದಕ್ಕೊಂದು ನಂಟಿದೆ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮನೆಯ ಹಾಡು ಎಂದರೆ ಯಾವುದು?

ಸಂಗೀತವೆಂದ ಕೂಡಲೇ ನಮಗೆ ವೇದಿಕೆ, ತಂಬೂರಿ, ಪಕ್ಕವಾದ್ಯಗಳು ನೆನಪಾಗುತ್ತವೆ. ಆದರೆ ನಮ್ಮ ನಾಡಿನಲ್ಲಿ ಹೆಚ್ಚಿನ ಸಂಗೀತ ಹುಟ್ಟಿ ಬೆಳೆದದ್ದು ಮನೆಯ ಪಡಸಾಲೆಯಲ್ಲಿ, ಅಡುಗೆ ಮನೆಯಲ್ಲಿ, ಹೊಲದ ಬದುವಿನಲ್ಲಿ. ಮಗುವನ್ನು ಮಲಗಿಸುವ ಜೋಗುಳ, ರಾಗಿ ಜೋಳ ಬೀಸುವಾಗಿನ ಬೀಸುವ ಪದ, ಮದುವೆಯಲ್ಲಿ ಹಸೆಗೆ ಕರೆಯುವ ಹಾಡು, ಸೋಬಾನೆ, ಬೀಗರನ್ನು ಗೇಲಿ ಮಾಡುವ ಹಾಡು, ಆರತಿ ಹಾಡು, ನಾಟಿಯ ಪದ, ಕಣದಲ್ಲಿ ಹಂತಿ ಹೊಡೆಯುವಾಗಿನ ಹಂತಿ ಪದ - ಹೀಗೆ ಪಟ್ಟಿ ಬೆಳೆಯುತ್ತದೆ. ಇವು ಒಂದೊಂದೂ ಒಂದು ಕೆಲಸಕ್ಕೋ ಒಂದು ಸಂದರ್ಭಕ್ಕೋ ಅಂಟಿಕೊಂಡಿರುವ ಹಾಡುಗಳು.

ಇದರ ಮೇಲೆ ಮತ್ತೊಂದು ಪದರವಿದೆ. ತಾತ ನಾಟಕದ ಕಂಪೆನಿಯ ಡೇರೆಯಲ್ಲಿ ಕೇಳಿ ಕಲಿತ ರಂಗಗೀತೆ, ಶನಿವಾರದ ಭಜನೆಯ ತತ್ವಪದ, ಅಮ್ಮ ರೇಡಿಯೋದಲ್ಲಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಭಾವಗೀತೆ, ಅಪ್ಪ ಸ್ಕೂಟರ್ ಒರೆಸುವಾಗ ಗುನುಗುವ ಸಿನಿಮಾ ಹಾಡು. ಇವೂ ಮನೆಯ ಹಾಡುಗಳೇ. ಕರ್ನಾಟಕದ ಎಲ್ಲ ಮನೆಗಳಲ್ಲೂ ಇವು ಕನ್ನಡದಲ್ಲೇ ಇರಬೇಕೆಂದಿಲ್ಲ. ಒಂದು ಮನೆಯಲ್ಲಿ ತುಳುವಿನ ಪಾಡ್ದನ, ಇನ್ನೊಂದರಲ್ಲಿ ಕೊಂಕಣಿಯ ಜೋಗುಳ, ಮತ್ತೊಂದರಲ್ಲಿ ಕೊಡವ, ಉರ್ದು, ಲಂಬಾಣಿ ಹಾಡು. ಹಾಡು ಯಾವುದೇ ಇರಲಿ, ಅದನ್ನು ಯಾರೋ ಹತ್ತಿರದವರ ಬಾಯಿಂದ ಕೇಳಿ ನಾವು ಕಲಿತಿರುತ್ತೇವೆ. ಈ ಲೇಖನದಲ್ಲಿ ಮನೆಯ ಹಾಡು ಎಂದರೆ ಇಷ್ಟೇ ಅರ್ಥ.

ಹಾಡಿನೊಳಗೇ ಇರುವ ಬೀಗದಕೈ

ಹಾಡು ಗದ್ಯಕ್ಕಿಂತ ಸುಲಭವಾಗಿ ನೆನಪಿರಲು ಕಾರಣ ಅದರ ರಚನೆಯಲ್ಲೇ ಇದೆ. ಒಂದು ಉದಾಹರಣೆ ನೋಡಿ. 'ಹಾರುವ ಜೀವಿ ಯಾವುದು?' ಎಂದು ಕೇಳಿದರೆ ನೀವು ಚಿಟ್ಟೆ, ದುಂಬಿ, ನೊಣ, ಬಾವಲಿ ಎಂದು ಹತ್ತಾರು ಉತ್ತರ ಹೇಳಬಹುದು. 'ಕ್ಕಿ' ಎಂದು ಮುಗಿಯುವ ಎರಡಕ್ಷರದ ಪದ ಹೇಳಿ ಎಂದರೆ ಅಕ್ಕಿ, ಚುಕ್ಕಿ, ಹಕ್ಕಿ ಎಂದು ಹಲವು ಬರುತ್ತವೆ. ಆದರೆ ಎರಡು ಷರತ್ತುಗಳನ್ನೂ ಒಟ್ಟಿಗೆ ಹಾಕಿದರೆ? 'ಹಕ್ಕಿ' ಎಂಬ ಒಂದೇ ಉತ್ತರ ತಟ್ಟನೆ ಬರುತ್ತದೆ. ಅರ್ಥವೊಂದೇ ಸಾಲದು, ಪ್ರಾಸವೊಂದೇ ಸಾಲದು. ಎರಡೂ ಸೇರಿದಾಗ ಬೇರೆ ಪದಕ್ಕೆ ಜಾಗವೇ ಇರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ರೂಬಿನ್ ಬಾಯಿಂದ ಬಾಯಿಗೆ ಬಂದ ಕಾವ್ಯಗಳನ್ನು ಕುರಿತ ತಮ್ಮ 1995ರ ಪುಸ್ತಕದಲ್ಲಿ ಇದೇ ತತ್ತ್ವವನ್ನು ವಿವರಿಸಿದ್ದಾರೆ. ಅರ್ಥ, ಪ್ರಾಸ, ಲಯ ಇವು ಮೂರೂ ಸೇರಿ ಮುಂದಿನ ಪದವನ್ನು ಹಿಡಿದು ಎಳೆದು ತರುತ್ತವೆ.

ನಮ್ಮ ತ್ರಿಪದಿಯನ್ನೇ ತೆಗೆದುಕೊಳ್ಳಿ. ನೀವು ವ್ಯಾಕರಣದ ಪುಸ್ತಕದಲ್ಲಿ ಓದಿರುವಂತೆ ಇದರಲ್ಲಿ ಮೂರು ಸಾಲು, ಒಟ್ಟು ಹನ್ನೊಂದು ಗಣ. ಮೊದಲ ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಕೊನೆಯದರಲ್ಲಿ ಮೂರು. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಜೊತೆಗೆ ಎರಡನೆಯ ಅಕ್ಷರದ ಪ್ರಾಸ. ಪರೀಕ್ಷೆಗೆ ಓದುವಾಗ ಇದು ಒಣ ಲೆಕ್ಕದಂತೆ ತೋರಬಹುದು. ಆದರೆ ಬೀಸುಕಲ್ಲಿನ ಮುಂದೆ ಕುಳಿತ ಅಕ್ಷರ ಬಾರದ ಹೆಣ್ಣುಮಗಳಿಗೆ ಇದೇ ಪುಸ್ತಕ, ಇದೇ ಕಪಾಟು. ಒಂದು ಪದ ತಪ್ಪಿದರೆ ಲಯ ಕುಂಟುತ್ತದೆ, ಪ್ರಾಸ ಕೆಡುತ್ತದೆ. ಅದು ಕೂಡಲೇ ಕಿವಿಗೆ ಗೊತ್ತಾಗುತ್ತದೆ. ತಪ್ಪನ್ನು ತಿದ್ದುವ ವ್ಯವಸ್ಥೆ ಹಾಡಿನೊಳಗೇ ಇದೆ! ಕ್ರಿ.ಶ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಲ್ಲಿನ ಮೇಲೆ ಕಾಣುವ ತ್ರಿಪದಿ, ಇಪ್ಪತ್ತನೆಯ ಶತಮಾನದ ಬೀಸುವ ಪದದಲ್ಲೂ ಉಳಿದು ಬಂದಿದೆ. ಸಾವಿರದ ಮುನ್ನೂರು ವರ್ಷಗಳ ಈ ಬಾಳಿಕೆಗೆ ಅದರ ಕಟ್ಟಡದ ಬಿಗಿಯೂ ಒಂದು ಕಾರಣ.

ರಾಗದ ಪಾತ್ರವೂ ಇದೆ. ವಾಂಡಾ ವ್ಯಾಲೇಸ್ ಎಂಬ ಸಂಶೋಧಕಿ 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಪಠ್ಯವನ್ನು ಕೆಲವರಿಗೆ ಓದಿ ಹೇಳಲಾಯಿತು, ಕೆಲವರಿಗೆ ಹಾಡಿ ಕೇಳಿಸಲಾಯಿತು. ಹಾಡಿ ಕೇಳಿಸಿದವರಿಗೆ ಹೆಚ್ಚು ನೆನಪಿತ್ತು. ಆದರೆ ಒಂದು ಷರತ್ತು: ಅದೇ ರಾಗ ನುಡಿಯಿಂದ ನುಡಿಗೆ ಮತ್ತೆ ಮತ್ತೆ ಬರಬೇಕು. ರಾಗವೂ ಹೊಸದು, ಮಾತೂ ಹೊಸದು ಆದರೆ ಹೊರೆ ಹೆಚ್ಚಾಗುತ್ತದೆಯೇ ಹೊರತು ನೆನಪಿಗೆ ಸಹಾಯವಾಗುವುದಿಲ್ಲ. ನಮ್ಮ ಸಂಪ್ರದಾಯದ ಹಾಡುಗಳಲ್ಲಿ ಒಂದೇ ಮಟ್ಟಿನಲ್ಲಿ ಇಪ್ಪತ್ತು ಮೂವತ್ತು ನುಡಿಗಳು ಏಕೆ ಇರುತ್ತವೆ ಎಂಬುದು ಈಗ ಅರ್ಥವಾಯಿತಲ್ಲವೇ?

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಹಾಸನ ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದಾಗ ಹಿರಿಯ ಹೆಂಗಸೊಬ್ಬರನ್ನು ಹಾಡಿನ ನಾಲ್ಕನೆಯ ನುಡಿಯನ್ನು ಮಾತ್ರ ಇನ್ನೊಮ್ಮೆ ಹೇಳುವಿರಾ ಎಂದು ಕೇಳಿದೆ. ಅವರು ನಕ್ಕುಬಿಟ್ಟರು. "ಹಂಗ್ ನಡುವಿಂದ ಕೇಳುದ್ರೆ ಬರಾಕಿಲ್ಲ ಕಣಪ್ಪ, ಮೊದ್ಲಿಂದ ಹೇಳ್ಕಂಡ್ ಬರ್ಬೇಕು" ಎಂದರು. ಬಲಗೈಯನ್ನು ಕಲ್ಲಿನ ಗೂಟ ಹಿಡಿದಂತೆ ತಿರುಗಿಸುತ್ತಾ ಮೊದಲಿನಿಂದ ಶುರುಮಾಡಿದರು. ನಾಲ್ಕನೆಯ ನುಡಿ ತನ್ನ ಜಾಗಕ್ಕೆ ಸರಿಯಾಗಿ ಬಂತು. ಹಾಡಿನ ನೆನಪು ಸರಪಳಿಯಂತೆ. ಒಂದು ಕೊಂಡಿ ಇನ್ನೊಂದನ್ನು ಎಳೆಯುತ್ತದೆ. ಕೈಯ ಚಲನೆಯೂ ಆ ಸರಪಳಿಯ ಒಂದು ಕೊಂಡಿ. ಬೀಸುಕಲ್ಲು ಮೂಲೆ ಸೇರಿದಾಗ ಬೀಸುವ ಪದ ಏಕೆ ಮರೆಯಾಗುತ್ತದೆ ಎಂಬುದಕ್ಕೂ ಇಲ್ಲಿ ಉತ್ತರವಿದೆ.

ಹತ್ತರಿಂದ ಮೂವತ್ತು: ನೆನಪಿನ ದಿಬ್ಬ

ಈಗ ಎರಡನೆಯ ಗುಟ್ಟಿಗೆ ಬರೋಣ. ನಲವತ್ತು ದಾಟಿದವರನ್ನು ಕೂರಿಸಿಕೊಂಡು ಅವರ ಜೀವನದ ನೆನಪುಗಳನ್ನು ಹೇಳಿಸಿ, ಯಾವ ವಯಸ್ಸಿನ ನೆನಪು ಎಷ್ಟು ಎಂದು ನಕ್ಷೆ ಬರೆದರೆ ಒಂದು ವಿಚಿತ್ರ ಕಾಣುತ್ತದೆ. ಇತ್ತೀಚಿನ ದಿನಗಳ ನೆನಪು ಹೆಚ್ಚಿರುವುದು ಸಹಜ. ಆದರೆ ಸುಮಾರು ಹತ್ತರಿಂದ ಮೂವತ್ತನೆಯ ವಯಸ್ಸಿನವರೆಗಿನ ಭಾಗದಲ್ಲಿ ನಕ್ಷೆಯ ಗೆರೆ ದಿಬ್ಬದಂತೆ ಮೇಲೇಳುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಹಲವು ಅಧ್ಯಯನಗಳಲ್ಲಿ ಕಂಡಿದ್ದಾರೆ. ಹಾಡುಗಳ ವಿಷಯದಲ್ಲಂತೂ ಈ ದಿಬ್ಬ ಎದ್ದು ಕಾಣುತ್ತದೆ. ಜನ 'ನಮ್ಮ ಕಾಲದ ಹಾಡು' ಎನ್ನುವುದು ಬಹುಮಟ್ಟಿಗೆ ತಮ್ಮ ಹದಿಹರೆಯದಲ್ಲಿ ಕೇಳಿದ ಹಾಡನ್ನೇ.

ಕಾರಣಗಳನ್ನು ವಿಜ್ಞಾನಿಗಳು ಹಲವು ರೀತಿಯಲ್ಲಿ ಹೇಳುತ್ತಾರೆ. ಆ ವಯಸ್ಸಿನಲ್ಲಿ ಮಿದುಳಿನ ಗ್ರಹಣಶಕ್ತಿ ಚುರುಕಾಗಿರುತ್ತದೆ. ಮೊದಲ ಗೆಳೆತನ, ಮೊದಲ ಊರು ಬಿಡುವಿಕೆ, ಮೊದಲ ಸಂಬಳ - ಜೀವನದ ಹಲವು 'ಮೊದಲು'ಗಳು ಆಗಲೇ ಬರುತ್ತವೆ. 'ನಾನು ಯಾರು' ಎಂಬ ಪ್ರಶ್ನೆಗೆ ಮನಸ್ಸು ಉತ್ತರ ಹುಡುಕುವ ಕಾಲವೂ ಅದೇ. ಆಗ ಕೇಳಿದ ಹಾಡು ಆ ಉತ್ತರದ ಜೊತೆಗೇ ಹೆಣೆದುಕೊಳ್ಳುತ್ತದೆ.

ಹೀಗೆ ಉಳಿಯುವ ನೆನಪು ಎಷ್ಟು ಖಚಿತ? ಡೇನಿಯಲ್ ಲೆವಿಟಿನ್ ಎಂಬ ವಿಜ್ಞಾನಿ ಸಂಗೀತ ಕಲಿಯದವರೂ ಸೇರಿದ್ದ ಒಂದು ಗುಂಪಿಗೆ ತಮ್ಮ ಮೆಚ್ಚಿನ ಹಾಡನ್ನು ಯಾವ ಶ್ರುತಿಯ ಸಹಾಯವೂ ಇಲ್ಲದೆ ಹಾಡಲು ಹೇಳಿದರು. 1994ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹತ್ತರಲ್ಲಿ ನಾಲ್ವರಷ್ಟು ಜನ ಒಂದು ಬಾರಿಯಾದರೂ ಮೂಲ ಧ್ವನಿಮುದ್ರಿಕೆಯ ಸ್ವರಸ್ಥಾನದಲ್ಲೇ ಹಾಡಿದರು!

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಕ್ಯಾರಲ್ ಕ್ರುಮ್‌ಹಾನ್ಸ್‌ಲ್ ಮತ್ತು ಅವರ ಸಹೋದ್ಯೋಗಿ 2013ರಲ್ಲಿ ಪ್ರಕಟಿಸಿದ ಅಧ್ಯಯನ. ಇಪ್ಪತ್ತರ ಆಸುಪಾಸಿನ ಕಾಲೇಜು ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಲಾಯಿತು. ತಮ್ಮದೇ ಕಾಲದ ಹಾಡುಗಳನ್ನು ಅವರು ಹೆಚ್ಚು ಗುರುತಿಸಿದ್ದು ಆಶ್ಚರ್ಯವಲ್ಲ. ಆದರೆ 1980ರ ದಶಕದ ಆರಂಭದ ಹಾಡುಗಳಲ್ಲಿ ಇನ್ನೊಂದು ದಿಬ್ಬ ಕಂಡಿತು. ಆಗ ಆ ವಿದ್ಯಾರ್ಥಿಗಳು ಹುಟ್ಟಿಯೇ ಇರಲಿಲ್ಲ! ಅದು ಅವರ ತಂದೆ ತಾಯಿಯರ ಯೌವನದ ಕಾಲ. 1960ರ ದಶಕದ ಹಾಡುಗಳಲ್ಲಿ ಮತ್ತೊಂದು ದಿಬ್ಬ ಕಂಡಿತು. ಅದು ಅಜ್ಜ ಅಜ್ಜಿಯರ ಪ್ರಭಾವವಿರಬಹುದು, ಅಥವಾ ಆ ಕಾಲದ ಸಂಗೀತದ ಸೊಗಸೇ ಇರಬಹುದು ಎಂದು ಸಂಶೋಧಕರು ಹೇಳಿದರು. ಅಂದರೆ ಹಿರಿಯರು ತಮ್ಮ ಯೌವನದ ಹಾಡನ್ನು ಮನೆಯಲ್ಲಿ ಹಾಡುತ್ತಾ, ಕೇಳುತ್ತಾ ಇದ್ದರೆ ಅದು ಮಕ್ಕಳ ನೆನಪಿಗೂ ಇಳಿಯುತ್ತದೆ. ಒಂದು ಹೊಂಡ ತುಂಬಿ ಕೆಳಗಿನ ಹೊಂಡಕ್ಕೆ ನೀರು ಹರಿದಂತೆ.

ಈ ಹರಿವು ಹುಟ್ಟುವ ಮೊದಲೇ ಶುರುವಾಗುತ್ತದೆ ಎಂದರೆ ನಂಬುತ್ತೀರಾ? ಗರ್ಭದಲ್ಲಿರುವ ಶಿಶು ಆರು ತಿಂಗಳು ತುಂಬುವ ವೇಳೆಗೆ ಹೊರಗಿನ ಸದ್ದಿಗೆ ಪ್ರತಿಕ್ರಿಯೆ ತೋರತೊಡಗುತ್ತದೆ. ಪೀಟರ್ ಹೆಪ್ಪರ್ ಎಂಬ ವಿಜ್ಞಾನಿ 1988ರಲ್ಲಿ ಒಂದು ಕುತೂಹಲದ ಸಂಗತಿಯನ್ನು ವರದಿ ಮಾಡಿದರು. ಗರ್ಭಿಣಿಯಾಗಿದ್ದಾಗ ದೂರದರ್ಶನದ ಒಂದು ಧಾರಾವಾಹಿಯನ್ನು ತಪ್ಪದೆ ನೋಡುತ್ತಿದ್ದ ತಾಯಂದಿರ ಮಕ್ಕಳಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಆ ಧಾರಾವಾಹಿಯ ಶೀರ್ಷಿಕೆ ಸಂಗೀತ ಕೇಳಿಸಿದಾಗ ಅವು ಅಳು, ಚಲನೆ ನಿಲ್ಲಿಸಿ ಗಮನಿಸಿದವು. ಬೇರೆ ಶಿಶುಗಳಲ್ಲಿ ಇದು ಕಾಣಲಿಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಇದು ಸ್ವಲ್ಪ ಎಚ್ಚರಿಕೆಯ ಮಾತೂ ಹೌದು!

ಇನ್ನು ಮುಪ್ಪಿನ ಕಡೆಗೆ ನೋಡೋಣ. 2009ರಲ್ಲಿ ಪೆಟ್ರ್ ಜನಾಟಾ ಎಂಬ ವಿಜ್ಞಾನಿ, ಪರಿಚಿತ ಹಾಡು ಹಳೆಯ ನೆನಪೊಂದನ್ನು ಎಬ್ಬಿಸುವಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಎಂದು ಸ್ಕ್ಯಾನಿಂಗ್ ಯಂತ್ರದಿಂದ ಪರಿಶೀಲಿಸಿದರು. ಅದು ಹಣೆಯ ಹಿಂದೆ, ಮಿದುಳಿನ ನಡುಭಾಗದಲ್ಲಿರುವ ಒಂದು ಪ್ರದೇಶ. ಮರೆವಿನ ರೋಗವಾದ ಆಲ್‌ಝೈಮರ್‌ನಲ್ಲಿ ತಡವಾಗಿ ಕ್ಷೀಣಿಸುವ ಭಾಗಗಳಲ್ಲಿ ಇದೂ ಒಂದು. ಹಾಡಿನಿಂದ ರೋಗ ವಾಸಿಯಾಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಮೊಮ್ಮಗಳ ಹೆಸರು ಮರೆತ ಅಜ್ಜಿ ಆಕೆ ಗುನುಗಿದ ಹಾಡಿಗೆ ದನಿಗೂಡಿಸಿದರೆ ಅದು ಪವಾಡವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಒಂದು ಮನೆ, ಒಂದು ರೇಡಿಯೋ

ಹಾಡು ಮೇಲಿನ ಹೊಂಡದಿಂದ ಕೆಳಗಿನ ಹೊಂಡಕ್ಕೆ ಹರಿಯಬೇಕಾದರೆ ಇಬ್ಬರೂ ಅದನ್ನು ಒಟ್ಟಿಗೆ ಕೇಳಬೇಕು. ಇಲ್ಲಿ ಯಂತ್ರಗಳ ಕಥೆ ಬರುತ್ತದೆ.

ಎಡಿಸನ್ 1877ರಲ್ಲಿ ಫೋನೋಗ್ರಾಫ್ ತಯಾರಿಸಿದರು. ಚಪ್ಪಟೆ ತಟ್ಟೆಯ ಗ್ರಾಮಫೋನ್ ರೂಪಿಸಿದವರು ಎಮಿಲ್ ಬರ್ಲಿನರ್, 1887ರಲ್ಲಿ. ನಮ್ಮ ದೇಶದಲ್ಲಿ 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ನಡೆದಾಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಸಿದ್ಧರು. ಗಂಟೆಗಟ್ಟಲೆ ಹಾಡುವ ಸಂಗೀತವನ್ನು ಅವರು ತಟ್ಟೆಯ ಒಂದು ಬದಿಗೆ ಹಿಡಿಸುವ ಸುಮಾರು ಮೂರು ನಿಮಿಷಕ್ಕೆ ಹೊಂದಿಸಿದರು. ಈ ಮಹಾಗಾಯಕಿ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ಆಸ್ಥಾನದ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಆ ಕಾಲದ ತಟ್ಟೆಗಳ ಒಂದು ಮುಖ್ಯ ವಸ್ತು ಅರಗು. ಮರದ ಕೊಂಬೆಯ ಮೇಲೆ ಪುಟ್ಟ ಕೀಟ ಸ್ರವಿಸುವ ಈ ಅಂಟು, ಗಾಯಕಿಯ ದನಿಯನ್ನು ಹಿಡಿದಿಟ್ಟಿತು! 1925ರಲ್ಲಿ ವಿದ್ಯುತ್ ಮೈಕ್ರೋಫೋನ್ ಬಳಕೆಗೆ ಬರುವವರೆಗೆ ಗಾಯಕರು ದೊಡ್ಡ ಕಹಳೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ನಮ್ಮ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಆ ಕಹಳೆ ಹಿಡಿಯುತ್ತಿದ್ದುದು ಸುಮಾರು 250ರಿಂದ 2,500 ಹರ್ಟ್ಸ್ ಮಾತ್ರ. ಹಳೆಯ ಪ್ಲೇಟಿನ ಹಾಡು ಡಬ್ಬಿಯೊಳಗಿಂದ ಬಂದಂತೆ ಕೇಳಿಸುವುದು ಇದಕ್ಕಾಗಿಯೇ.

1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಬಾನುಲಿ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಅವರ ವಿಷಯ ಮನಶ್ಶಾಸ್ತ್ರ ಎಂಬುದು ಗಮನಾರ್ಹ. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಕೇಂದ್ರಗಳು ಬಂದವು. 1957ರಲ್ಲಿ ವಿವಿಧ ಭಾರತಿ ಪ್ರಸಾರ ಶುರುವಾಯಿತು. 1963ರಲ್ಲಿ ಫಿಲಿಪ್ಸ್ ಕಂಪೆನಿ ಕ್ಯಾಸೆಟ್ಟನ್ನು ಪರಿಚಯಿಸಿತು. 1970ರ ದಶಕದ ಕೊನೆಯಿಂದ ನಮ್ಮ ಮನೆಗಳಿಗೆ ಧ್ವನಿಸುರುಳಿಗಳು ಬರತೊಡಗಿದವು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರ ಭಾವಗೀತೆಗಳು ಮನೆಮನೆಯ ಹಾಡಾದದ್ದು ಹೀಗೆ. ಕವನ ಸಂಕಲನ ಕೊಳ್ಳದವರ ಬಾಯಲ್ಲೂ ಕವಿತೆ ನಿಂತಿತು.

ಈ ಕಾಲದ ಒಂದು ವಿಶೇಷ ನೋಡಿ. ಮನೆಗೆ ಒಂದೇ ರೇಡಿಯೋ, ಒಂದೇ ಟೇಪ್ ರೆಕಾರ್ಡರ್. ಅಪ್ಪ ಹಾಕಿದ ಹಾಡನ್ನು ಇಷ್ಟವಿರಲಿ ಇಲ್ಲದಿರಲಿ ಎಲ್ಲರೂ ಕೇಳಬೇಕು. ಅಣ್ಣನ ಸಿನಿಮಾ ಹಾಡು ಅಜ್ಜಿಯ ಕಿವಿಗೂ ಬೀಳುತ್ತಿತ್ತು, ಅಜ್ಜಿಯ ಭಜನೆ ಅಣ್ಣನ ಕಿವಿಗೂ ಬೀಳುತ್ತಿತ್ತು. ಜಗಳಗಳೂ ಆಗುತ್ತಿದ್ದವೆನ್ನಿ! ಈಗ ಒಬ್ಬೊಬ್ಬರಿಗೆ ಒಂದೊಂದು ಮೊಬೈಲ್, ಒಂದೊಂದು ಇಯರ್‌ಫೋನ್. ಒಂದೇ ಕೋಣೆಯಲ್ಲಿ ನಾಲ್ವರು ನಾಲ್ಕು ಹಾಡು ಕೇಳಬಹುದು. ಹಾಡುಗಳು ಎಂದಿಗಿಂತ ಹೆಚ್ಚಾಗಿವೆ. ಆದರೆ ಮೇಲಿನ ಹೊಂಡದಿಂದ ಕೆಳಗಿನ ಹೊಂಡಕ್ಕೆ ಇರುವ ಕಾಲುವೆ ಕಿರಿದಾಗಿದೆ. ತಪ್ಪು ಯಂತ್ರದ್ದಲ್ಲ. ಹಿಂದೆ ತಾನಾಗಿ ಆಗುತ್ತಿದ್ದದ್ದನ್ನು ಈಗ ನಾವು ಬೇಕೆಂದೇ ಮಾಡಬೇಕಾಗಿದೆ, ಅಷ್ಟೇ.

ಸುರುಳಿಗೂ ಆಯುಷ್ಯವಿದೆ

'ನಮ್ಮಜ್ಜಿಯ ಹಾಡು ಕ್ಯಾಸೆಟ್ಟಿನಲ್ಲಿದೆ, ಚಿಂತೆಯಿಲ್ಲ' ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಸ್ವಲ್ಪ ತಾಳಿ. ಕ್ಯಾಸೆಟ್ಟಿನೊಳಗಿರುವುದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಬ್ಬಿಣದ ಆಕ್ಸೈಡ್‌ನ ಸೂಕ್ಷ್ಮ ಕಣಗಳು. ಈ ಕಣಗಳ ಕಾಂತೀಯ ಜೋಡಣೆಯೇ ಹಾಡು. ಟೇಪು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಒಂದು ಬದಿಗೆ ಮೂವತ್ತು ನಿಮಿಷ ಎಂದರೆ ಎಷ್ಟು ಉದ್ದ? 1,800 ಸೆಕೆಂಡನ್ನು 4.76ರಿಂದ ಗುಣಿಸಿ: ಸುಮಾರು 86 ಮೀಟರ್! ಇಷ್ಟುದ್ದದ ಪಟ್ಟಿಯ ಯಾವುದೇ ಭಾಗದಲ್ಲಿ ಕಣಗಳನ್ನು ಹಿಡಿದಿರುವ ಅಂಟು ಸಡಿಲವಾದರೆ ಅಲ್ಲಿನ ದನಿ ಹೋದಂತೆಯೇ. ತೇವ, ಬಿಸಿಲು, ಧೂಳು, ಬೂಷ್ಟು ಇದರ ಶತ್ರುಗಳು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕ್ಯಾಸೆಟ್ಟಿನೊಳಗೆ ಬಿಳಿಯ ಬೂಷ್ಟು ಕಾಣಿಸುವುದನ್ನು ನೀವೂ ನೋಡಿರಬಹುದು. ಅಂಥದನ್ನು ಕೂಡಲೇ ಯಂತ್ರಕ್ಕೆ ಹಾಕಬೇಡಿ. ಟೇಪು ಸಿಕ್ಕಿಕೊಂಡು ಹರಿಯಬಹುದು, ಬೂಷ್ಟು ಬೇರೆ ಟೇಪುಗಳಿಗೂ ಹರಡಬಹುದು. ತಿಳಿದವರಿಂದ ಸ್ವಚ್ಛಮಾಡಿಸಿ, ಆಮೇಲೆ ಡಿಜಿಟಲ್ ರೂಪಕ್ಕೆ ಬದಲಿಸಿಕೊಳ್ಳಿ.

ಅಮ್ಮಂದಿರ ಹಾಡಿನ ನೋಟ್‌ಬುಕ್ಕಿಗೂ ಒಂದು ಮಿತಿ ಇದೆ. ಅದರಲ್ಲಿ ಮಾತುಗಳಿರುತ್ತವೆ, ಮಟ್ಟು ಇರುವುದಿಲ್ಲ. ಟೇಪಿನಲ್ಲಿ ಮಟ್ಟು ಇರುತ್ತದೆ. ಆ ಹಾಡನ್ನು ಯಾವಾಗ, ಯಾರು, ಏಕೆ ಹಾಡುತ್ತಿದ್ದರು ಎಂಬುದು ಇರುವುದಿಲ್ಲ. ಮಾತು, ಮಟ್ಟು, ಸಂದರ್ಭ ಮೂರೂ ಒಟ್ಟಿಗೆ ಇರುವುದು ಹಾಡುವವರ ನೆನಪಿನಲ್ಲಿ ಮಾತ್ರ.

ಕಿವಿಗೊಟ್ಟವರು

ಹಾಗೆ ಹಾಡುವವರ ಮುಂದೆ ಕುಳಿತು ಕೇಳಿದವರು ನಮ್ಮಲ್ಲಿ ಇದ್ದಾರೆ. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಉತ್ತರ ಕರ್ನಾಟಕದ ಲಾವಣಿಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿ ಅವುಗಳಲ್ಲಿ ಒಂದು. 1931ರಲ್ಲಿ ವಿಜಾಪುರ ಜಿಲ್ಲೆಯ ಹಲಸಂಗಿ ಎಂಬ ಪುಟ್ಟ ಊರಿನ ಗೆಳೆಯರು 'ಗರತಿಯ ಹಾಡು' ಸಂಕಲನವನ್ನು ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದ ಈ ಗೆಳೆಯರು ಆಗಿನ್ನೂ ತರುಣರು. ಅವರ ಬಳಿ ಟೇಪ್ ರೆಕಾರ್ಡರ್ ಇರಲಿಲ್ಲ. ಕಿವಿ, ಕಾಗದ, ತಾಳ್ಮೆ ಇತ್ತು. ತಮ್ಮ ಊರಿನ ಹೆಂಗಸರು ಬೀಸುತ್ತ ಕುಟ್ಟುತ್ತ ಹಾಡುತ್ತಿದ್ದ ತ್ರಿಪದಿಗಳಲ್ಲಿ ಕಾವ್ಯವಿದೆ ಎಂದು ಅವರು ಗುರುತಿಸಿದರು. ಮುಂದೆ ಎಚ್.ಎಲ್. ನಾಗೇಗೌಡರು ಧ್ವನಿಮುದ್ರಣ ಯಂತ್ರ ಹಿಡಿದು ಹಳ್ಳಿ ಹಳ್ಳಿ ಸುತ್ತಿದರು. ಅವರು 1994ರಲ್ಲಿ ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವನ್ನು ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ನೋಡಿರಬಹುದು.

ಬಳ್ಳಾರಿ ಸೀಮೆಯ ದರೋಜಿ ಈರಮ್ಮ ಓದು ಬರಹ ಕಲಿತವರಲ್ಲ. ಕುಮಾರರಾಮನ ಕಥೆಯೂ ಸೇರಿದಂತೆ ಹಲವು ದೀರ್ಘ ಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ವಿದ್ವಾಂಸರು ಅವುಗಳನ್ನು ಧ್ವನಿಮುದ್ರಿಸಿ, ಬರೆದು ಗ್ರಂಥಗಳಾಗಿಸಿದರು. 2014ರಲ್ಲಿ ಈರಮ್ಮ ತೀರಿಕೊಂಡರು. ಅಂಕೋಲಾದ ಹಾಲಕ್ಕಿ ಒಕ್ಕಲಿಗರ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ 2017ರಲ್ಲಿ ಪದ್ಮಶ್ರೀ ಪಡೆದು, 2025ರ ಫೆಬ್ರವರಿಯಲ್ಲಿ ನಿಧನರಾದರು. ಇವರ ಹಾಡುಗಳು ಎಷ್ಟೋ ಉಳಿದವು, ಏಕೆಂದರೆ ಕೇಳುವವರು ಅವರ ಬಾಗಿಲಿಗೆ ಹೋಗಿದ್ದರು. ನಿಮ್ಮ ಅಜ್ಜಿಯ ಬಾಗಿಲಿಗೆ ಯಾವ ವಿದ್ವಾಂಸರೂ ಬರಲಿಕ್ಕಿಲ್ಲ. ಅಲ್ಲಿಗೆ ಹೋಗಬಲ್ಲವರು ನೀವೊಬ್ಬರೇ.

ನೀವು ಮಾಡಬಹುದಾದದ್ದು

ಇದಕ್ಕೆ ಸ್ಟುಡಿಯೋ ಬೇಕಿಲ್ಲ. ಮನೆಯಲ್ಲಿರುವ ಮೊಬೈಲ್ ಸಾಕು. ನಾವು ಹೊರಾಂಗಣ ಧ್ವನಿಮುದ್ರಣದಲ್ಲಿ ಪಾಲಿಸುವ ಕೆಲವು ನಿಯಮಗಳನ್ನು ಇಲ್ಲಿ ಕೊಟ್ಟಿದ್ದೇನೆ.

1. ಮೊದಲು ಒಪ್ಪಿಗೆ ಕೇಳಿ. ಕದ್ದು ಧ್ವನಿಮುದ್ರಿಸಬೇಡಿ. ಕೆಲವು ಹಾಡುಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಹಾಡಬಾರದೆಂಬ ನಂಬಿಕೆ ಹಿರಿಯರಲ್ಲಿ ಇರುತ್ತದೆ. ಅದನ್ನು ಗೌರವಿಸಿ. ಅವರಿಗೆ ಹೇಳದೆ ಅಂತರ್ಜಾಲಕ್ಕೆ ಹಾಕಬೇಡಿ.

2. ಫ್ಯಾನು, ಟಿ.ವಿ. ಆರಿಸಿ. ಕುಕ್ಕರ್ ಕೂಗುವ ಹೊತ್ತು ಬೇಡ. ಗೋಡೆಗಳೆಲ್ಲ ಬರಿದಾಗಿರುವ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ. ಹಾಸಿಗೆ, ಬಟ್ಟೆ, ಪರದೆಗಳಿರುವ ಕೋಣೆ ವಾಸಿ. ಮೊಬೈಲನ್ನು ಕೈಯಲ್ಲಿ ಹಿಡಿಯದೆ, ಹಾಡುವವರ ಬಾಯಿಂದ ಸುಮಾರು ಒಂದು ಮೊಳ ದೂರದಲ್ಲಿ ಮಡಿಸಿದ ಟವೆಲಿನ ಮೇಲಿಡಿ.

3. 'ಹಾಡು ಹೇಳಿ' ಎಂದು ಒಮ್ಮೆಲೇ ಕೇಳಿದರೆ 'ನನಗೇನೂ ಬರೋದಿಲ್ಲ' ಎಂಬ ಉತ್ತರವೇ ಹೆಚ್ಚು. 'ಅಜ್ಜಿ, ನಿನ್ನ ಮದುವೇಲಿ ಯಾವ ಹಾಡು ಹೇಳಿದ್ರು?', 'ನಿಮ್ಮಮ್ಮ ಬೀಸೋವಾಗ ಏನು ಹಾಡ್ತಿದ್ರು?' ಎಂದು ಸಂದರ್ಭದಿಂದ ಶುರುಮಾಡಿ. ಅವರಿಗೆ ಹತ್ತರಿಂದ ಇಪ್ಪತ್ತೈದು ವರ್ಷವಾಗಿದ್ದ ಕಾಲದ ಬಗ್ಗೆ ಕೇಳಿ. ನೆನಪಿನ ದಿಬ್ಬ ಇರುವುದು ಅಲ್ಲೇ ಅಲ್ಲವೇ?

4. ಮಧ್ಯೆ ತಡೆಯಬೇಡಿ, ತಿದ್ದಬೇಡಿ. ಮರೆತರೆ ಮೊದಲಿನಿಂದ ಹಾಡಲು ಬಿಡಿ. ಕೈಯಲ್ಲಿ ಮೊರವೋ ತೊಟ್ಟಿಲ ಹಗ್ಗವೋ ಇದ್ದರೆ ಹಾಡು ಸಲೀಸಾಗಿ ಬರುತ್ತದೆ. ಅಕ್ಕಪಕ್ಕದ ಓರಗೆಯವರೊಬ್ಬರನ್ನು ಕರೆದು ಕೂರಿಸಿದರೆ ಇನ್ನೂ ಒಳ್ಳೆಯದು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಡುತ್ತಾರೆ.

5. ಹಾಡು ಮುಗಿದ ಮೇಲೆ ಅದೇ ಧ್ವನಿಮುದ್ರಣದಲ್ಲಿ ದಿನಾಂಕ, ಊರು, ಹಾಡಿದವರ ಹೆಸರು, ಯಾರಿಂದ ಕಲಿತದ್ದು, ಯಾವಾಗ ಹಾಡುತ್ತಿದ್ದದ್ದು ಎಂಬುದನ್ನು ಹೇಳಿಸಿ. ಅರ್ಥವಾಗದ ಪದಗಳಿದ್ದರೆ ಆಗಲೇ ಕೇಳಿ. ಹತ್ತು ವರ್ಷಗಳ ನಂತರ ಹೇಳುವವರು ಇರಲಿಕ್ಕಿಲ್ಲ.

6. ಕನಿಷ್ಠ ಎರಡು ಪ್ರತಿ ಮಾಡಿ, ಎರಡು ಬೇರೆ ಬೇರೆ ಕಡೆ ಇಡಿ. ಮೊಬೈಲ್ ಕಳೆದರೆ ಹಾಡೂ ಕಳೆಯಬಾರದು. ಸಿ.ಡಿ. ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಬಾರಿ ದನಿಯನ್ನು ಅಳೆದು, ಪ್ರತಿ ಅಳತೆಯನ್ನು ಎರಡು ಬೈಟ್‌ಗಳಲ್ಲಿ ಬರೆದಿಡಲಾಗುತ್ತದೆ. ಒಂದೇ ಮೈಕಿನ ಒಂದು ಗಂಟೆಯ ಮುದ್ರಣಕ್ಕೆ ಸುಮಾರು 320 ಮೆಗಾಬೈಟ್ ಸಾಕು. ಇಂದಿನ ಒಂದು ಪೆನ್‌ಡ್ರೈವ್‌ನಲ್ಲಿ ಒಂದು ಮನೆತನದ ಹಾಡುಗಳೆಲ್ಲ ಹಿಡಿಸುತ್ತವೆ.

7. ಕೊನೆಯದು, ಬಹಳ ಮುಖ್ಯವಾದದ್ದು: ಒಂದು ಹಾಡನ್ನಾದರೂ ನೀವೇ ಕಲಿಯಿರಿ.

ಕೊನೆಯದು ಏಕೆ ಮುಖ್ಯ? ಮೇಲೆ ಹೇಳಿದ ನೆನಪಿನ ನಕ್ಷೆಯನ್ನು ಇನ್ನೊಮ್ಮೆ ನೋಡಿ. ಅಜ್ಜಿಯ ನೆನಪಿನಲ್ಲಿ ಇಂದಿಗೂ ಗಟ್ಟಿಯಾಗಿರುವುದು ಅವರು ನಿಮ್ಮ ವಯಸ್ಸಿನಲ್ಲಿದ್ದಾಗ ಕಲಿತ ಹಾಡು. ಇಡೀ ಜೀವನದಲ್ಲಿ ಹಾಡು ಗಟ್ಟಿಯಾಗಿ ಕೂರುವ ವಯಸ್ಸಿನಲ್ಲಿ ಈಗ ಇರುವವರು ನೀವು. ಕೊಡುವವರಲ್ಲಿ ಇನ್ನೂ ಇದೆ, ತೆಗೆದುಕೊಳ್ಳುವವರಿಗೆ ಇದೇ ಹದ. ಇವೆರಡೂ ಒಂದೇ ಮನೆಯಲ್ಲಿ ಒಟ್ಟಿಗೆ ಇರುವ ಅವಧಿ ಕೆಲವೇ ವರ್ಷಗಳು. ಯಂತ್ರದಲ್ಲಿಟ್ಟ ಹಾಡನ್ನು ಯಾರಾದರೂ ಒತ್ತಿದರೆ ಮಾತ್ರ ಕೇಳಿಸುತ್ತದೆ. ನಿಮ್ಮೊಳಗೆ ಇಳಿದ ಹಾಡು ಮುಂದೊಂದು ದಿನ ನೀವು ಮಗುವನ್ನು ತೂಗುವಾಗ ಕೇಳದೆಯೇ ಬಾಯಿಗೆ ಬರುತ್ತದೆ. ಆ ಮಗು ಅದನ್ನು ಯಾರೂ ಹೇಳಿಕೊಡದೆ ಕಲಿಯುತ್ತದೆ.

ಬರುವ ರಜೆಯಲ್ಲಿ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಅಜ್ಜಿಗೋ ತಾತನಿಗೋ ಒಂದು ಲೋಟ ಕಾಫಿ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲ ಪ್ರಶ್ನೆ ನಿಮಗೆ ಈಗಾಗಲೇ ಗೊತ್ತಿದೆ.